ಉಯಿಲು ಬರೆಯಲು ಬೇಕಾದ ಮನೋಸಾಮರ್ಥ್ಯ

ತಾನು ಸತ್ತ ಮೇಲೆ ತನ್ನ ಆಸ್ತಿ ಯಾರಿಗೆ ಸೇರಬೇಕೆಂದು ತಿಳಿದು ತೀರ್ಮಾನಿಸುವ ಶಕ್ತಿಯನ್ನು ಉಯಿಲು ಬರೆಯಲು ಬೇಕಾದ ಮನೋಸಾಮರ್ಥ್ಯ ಎನ್ನುತ್ತಾರೆ. ಉಯಿಲಿಗೆ ಸಹಿ ಬೀಳುವ ಹೊತ್ತಿನಲ್ಲಿ ಈ ಶಕ್ತಿ ಇರಲಿಲ್ಲವೆಂದು ಸಾಬೀತಾದರೆ ಕಾಗದ ಎಷ್ಟೇ ಅಚ್ಚುಕಟ್ಟಾಗಿದ್ದರೂ ನಿಲ್ಲದು. ಇದ್ದಿತೆಂದು ತೋರಿಸಿದರೆ, ಬರೆದವರು ಹಾಸಿಗೆ ಹಿಡಿದಿದ್ದರೂ ಕಣ್ಣು ಕಾಣದವರಾಗಿದ್ದರೂ ಅಕ್ಷರ ಬಾರದವರಾಗಿದ್ದರೂ ಉಯಿಲು ಊರ್ಜಿತ. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 59ನೆಯ ಕಲಂ ಇದಕ್ಕೆ ಆಧಾರ. ಪ್ರಾಪ್ತ ವಯಸ್ಸಿನ, ಸ್ವಸ್ಥಚಿತ್ತದ ಯಾರೇ ಆದರೂ ಉಯಿಲು ಬರೆಯಬಹುದು ಎಂಬುದು ಅದರ ಸಾರ.

ಈ ಪ್ರಶ್ನೆ ಹಳ್ಳಿಗಳಲ್ಲಿ ಹೇಗೆ ಏಳುತ್ತದೆಂದು ತಿಳಿಯಲು ಕಿಬ್ಬನಹಳ್ಳಿಯ ಸೀಮೆಯನ್ನು ನೋಡಬಹುದು. ಕಿಬ್ಬನಹಳ್ಳಿ ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರ. ಜನ ಕೆ.ಬಿ. ಕ್ರಾಸ್ ಎಂದು ಕರೆಯುವ ಕೂಡುರಸ್ತೆಯಿಂದ ತುಮಕೂರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ದಾರಿ ಕವಲೊಡೆಯುತ್ತದೆ. ಸುತ್ತಲಿನದು ತೆಂಗಿನ ಸೀಮೆ. ಇಲ್ಲಿ ಆಸ್ತಿ ಎಂದರೆ ಮೊದಲು ತೋಟ, ಆಮೇಲೆ ಮನೆ, ಬೋರ್‌ವೆಲ್, ಹೊಲ. ತೆಂಗಿನ ಮರ ನೆಟ್ಟವರ ಆಯುಷ್ಯವನ್ನು ದಾಟಿ ಫಲ ಕೊಡುವುದರಿಂದ, ಮುಂದೆ ಆ ಮರ ಯಾರದ್ದು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಒಂದು ದಿನ ಎದ್ದೇ ಏಳುತ್ತದೆ. ಪಾಲುಪಟ್ಟಿ, ದಾನಪತ್ರ, ಉಯಿಲು ಎಂಬ ಮೂರು ದಾರಿಗಳಲ್ಲಿ, ಬರೆದವರು ತೀರಿಕೊಂಡ ಮೇಲಷ್ಟೇ ಜಾರಿಗೆ ಬರುವುದು ಉಯಿಲು. ಹಾಗಾಗಿ ಅದನ್ನು ಕುರಿತ ಜಗಳ ಶುರುವಾಗುವಾಗ ಉತ್ತರ ಹೇಳಬೇಕಾದವರೇ ಇರುವುದಿಲ್ಲ.

ಕಾನೂನು ಕೇಳುವುದೇನು

59ನೆಯ ಕಲಂಗೆ ನಾಲ್ಕು ವಿವರಣೆಗಳಿವೆ. ಮದುವೆಯಾದ ಹೆಂಗಸು ತಾನು ಬದುಕಿದ್ದಾಗ ಪರಭಾರೆ ಮಾಡಬಹುದಾದ ಆಸ್ತಿಯನ್ನು ಉಯಿಲಿನಿಂದಲೂ ಕೊಡಬಹುದು. ಕಿವುಡರು, ಮೂಕರು, ಅಂಧರು ತಾವು ಮಾಡುತ್ತಿರುವುದೇನೆಂದು ಬಲ್ಲವರಾದರೆ ಅವರಿಗೂ ಅಡ್ಡಿಯಿಲ್ಲ. ಸಾಮಾನ್ಯವಾಗಿ ಬುದ್ಧಿ ಸ್ವಾಧೀನದಲ್ಲಿಲ್ಲದವರು ಕೂಡ, ನಡುವೆ ಬುದ್ಧಿ ತಿಳಿಯಾದ ಹೊತ್ತಿನಲ್ಲಿ ಉಯಿಲು ಬರೆಯಬಹುದು. ಕುಡಿತದಿಂದಲೋ ಕಾಯಿಲೆಯಿಂದಲೋ ಬೇರಾವ ಕಾರಣದಿಂದಲೋ ತಾನೇನು ಮಾಡುತ್ತಿದ್ದೇನೆಂಬ ಅರಿವೇ ಇಲ್ಲದ ಸ್ಥಿತಿಯಲ್ಲಿರುವವರು ಬರೆಯಲಾರರು.

ವಿವರಣೆಗಳಿಗಿಂತ ಅವುಗಳ ಜೊತೆಗಿರುವ ಮೂರು ದೃಷ್ಟಾಂತಗಳು ಹೆಚ್ಚು ಬೆಲೆಯುಳ್ಳವು. ಅಕ್ಕಪಕ್ಕ ನಡೆಯುವುದು ಒಬ್ಬನಿಗೆ ಗೊತ್ತಾಗುತ್ತದೆ, ರೂಢಿಯ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತಾನೆ. ಆದರೆ ತನ್ನ ಆಸ್ತಿ ಎಂಥದ್ದು, ತನ್ನ ರಕ್ತಸಂಬಂಧಿಗಳು ಯಾರು, ಯಾರಿಗೆ ಕೊಡುವುದು ಯೋಗ್ಯ ಎಂಬುದು ಅವನ ತಿಳಿವಿಗೆ ಎಟುಕುವುದಿಲ್ಲ. ಅವನ ಉಯಿಲು ಸಲ್ಲದು. ಮತ್ತೊಬ್ಬ ಉಯಿಲೆಂಬ ಕಾಗದಕ್ಕೆ ಸಹಿ ಹಾಕುತ್ತಾನೆ. ಅದು ಯಾವ ಕಾಗದ, ಅದರಿಂದ ಏನಾಗುತ್ತದೆ ಎಂಬುದು ಅವನಿಗೆ ತಿಳಿದಿಲ್ಲ. ಅದೂ ಸಲ್ಲದು. ಮೂರನೆಯವನು ತೀರ ನಿತ್ರಾಣಿ, ಆದರೆ ಆಸ್ತಿಯನ್ನು ಹೇಗೆ ವಿಲೇವಾರಿ ಮಾಡಬೇಕೆಂಬ ವಿವೇಚನೆ ಅವನಲ್ಲಿದೆ. ಅವನ ಉಯಿಲು ಸಲ್ಲುತ್ತದೆ.

ಮೊದಲನೆಯ ದೃಷ್ಟಾಂತವನ್ನು ಹಳ್ಳಿಯ ಪ್ರತಿಯೊಬ್ಬ ಸಾಕ್ಷಿದಾರನೂ ತಿಳಿದಿರಬೇಕು. ‘ಅಜ್ಜ ಚೆನ್ನಾಗಿಯೇ ಮಾತಾಡಿದರು, ಊಟ ಆಯಿತಾ ಎಂದು ಕೇಳಿದರು’ ಎಂದು ಸಾಕ್ಷಿಕಟ್ಟೆಯಲ್ಲಿ ಹೇಳುವುದು ವಾಡಿಕೆ. ಕಾನೂನಿಗೆ ಅಷ್ಟು ಸಾಲದು. ಬಂದವರನ್ನು ಮಾತಾಡಿಸುವುದು ಬದುಕಿನುದ್ದಕ್ಕೂ ಬಂದ ಅಭ್ಯಾಸ. ಬುದ್ಧಿ ಸಾಕಷ್ಟು ಸೋರಿಹೋದ ಮೇಲೂ ಅದು ಉಳಿದಿರುತ್ತದೆ.

ತೋಟ ಮತ್ತು ಬಂಧುಗಳ ತಿಳಿವು

ಆಸ್ತಿಯ ತಿಳಿವೆಂದರೆ ಸರ್ವೆ ನಂಬರು ಬಾಯಿಪಾಠ ಹೇಳುವುದಲ್ಲ. ಪಹಣಿಯಲ್ಲಿರುವ ಎಕರೆ–ಗುಂಟೆಗಳು ಓದು ಬಲ್ಲ ಯುವಕರಿಗೂ ನೆನಪಿರುವುದಿಲ್ಲ. ಕೇಳಬೇಕಾದ್ದು ಆ ಮನೆಯ ಬದುಕಿಗೆ ಹತ್ತಿರದ ಪ್ರಶ್ನೆ. ಈ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉರುಳಾಡುವಂತಾದ ಮೇಲೆ ಸುಲಿಸಿ, ಒಡೆಸಿ, ತಿಪಟೂರಿನ ಮಾರುಕಟ್ಟೆಗೆ ಹೊರಡಿಸುತ್ತಾರೆ. ಹಾಗಾಗಿ ಯಾವ ತಿಂಗಳಲ್ಲಿ ಕೇಳಿದರೂ ಇಲ್ಲಿನ ಬೆಳೆಗಾರನ ಆಸ್ತಿ ಮೂರು ಕಡೆ ಹರಡಿರುತ್ತದೆ: ಮರದ ಮೇಲಿನ ಕಾಯಿ, ಅಟ್ಟದ ಮೇಲಿನ ಕಾಯಿ, ಮಂಡಿಯಿಂದ ಬರಬೇಕಾದ ಹಣ. ಅಟ್ಟದಲ್ಲಿರುವುದು ಹೋದ ವರ್ಷದ ಕಾಯೋ ಈ ವರ್ಷದ್ದೋ, ಯಾವ ಬೋರ್‌ವೆಲ್ ನಿಂತುಹೋಗಿದೆ, ಸೊಸೈಟಿಯಲ್ಲಿ ಸಾಲ ಬಾಕಿಯಿದೆಯೇ, ಕೆರೆ ಕೆಳಗಿನ ತೋಟವನ್ನು ಈಗ ನೋಡಿಕೊಳ್ಳುತ್ತಿರುವವರು ಯಾರು ಎಂಬುದಕ್ಕೆ ಸ್ಥೂಲವಾಗಿ ಸರಿಯುತ್ತರ ಕೊಡುವ ಹಿರಿಯರಿಗೆ ತಮ್ಮ ಆಸ್ತಿ ಎಂಥದ್ದೆಂದು ಗೊತ್ತಿದೆ. ಅವರಿಗೆ ಇಂದಿನ ತಾರೀಖು ಗೊತ್ತಿಲ್ಲದಿದ್ದರೆ ಅದೊಂದರಿಂದಲೇ ಉಯಿಲು ಬೀಳುವುದಿಲ್ಲ. ವಾರಗಳನ್ನು ಸಂತೆಯಿಂದ, ತಿಂಗಳುಗಳನ್ನು ಮಳೆಯಿಂದ ಎಣಿಸಿದವರಿಗೆ ಕ್ಯಾಲೆಂಡರಿನ ಪ್ರಶ್ನೆ ತಕ್ಕ ಪರೀಕ್ಷೆಯೂ ಅಲ್ಲ.

ಬಂಧುಗಳ ತಿಳಿವಿನಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಇಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಮಕ್ಕಳೆಷ್ಟು ಎಂದರೆ ‘ಇಬ್ಬರು’ ಎಂದು ಗಂಡುಮಕ್ಕಳನ್ನಷ್ಟೇ ಎಣಿಸುವ ಹಿರಿಯರಿದ್ದಾರೆ. ಇದು ಮರೆವಲ್ಲ, ರೂಢಿ; ಆದರೆ ಉಯಿಲಿನ ಮಟ್ಟಿಗೆ ಎರಡನ್ನೂ ಬೇರ್ಪಡಿಸಿ ನೋಡಲೇಬೇಕು. ಕೊಟ್ಟ ಮನೆಯಲ್ಲಿರುವ ಮಗಳು ತನಗಿದ್ದಾಳೆಂದು ನೆನೆದು, ಕಾರಣ ಹೇಳಿ, ಅವಳಿಗೆ ಪಾಲಿಲ್ಲವೆಂದು ಬರೆಯುವುದು ಒಂದು. ಅವಳಿದ್ದಾಳೆಂಬುದೇ ಕಾಗದದಲ್ಲಿ ಕಾಣದಿರುವುದು ಇನ್ನೊಂದು. ಎರಡನೆಯದು ನ್ಯಾಯಾಲಯದಲ್ಲಿ ಅನುಮಾನ ಹುಟ್ಟಿಸುತ್ತದೆ, ಹುಟ್ಟಿಸಬೇಕು ಕೂಡ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಜನ್ಮಸಿದ್ಧ ಪಾಲು ಕೊಟ್ಟಿವೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ 30ನೆಯ ಕಲಂ ಪ್ರಕಾರ ಒಟ್ಟು ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಒಬ್ಬ ಉಯಿಲಿಗೆ ಒಳಪಡಿಸಬಹುದು. ತಾತನಿಂದ ಬಂದ ತೋಟವನ್ನೆಲ್ಲ ಒಬ್ಬನಿಗೇ ಬರೆದಿಟ್ಟರೆ ಮಿಕ್ಕವರ ಪಾಲು ಅದರಿಂದ ಕರಗುವುದಿಲ್ಲ. ಹಾಗೆಂದು ಆ ತಪ್ಪನ್ನು ಬುದ್ಧಿಭ್ರಮಣೆ ಎನ್ನಲಾಗದು. ಕಾನೂನು ತಿಳಿಯದಿರುವುದು ಬೇರೆ, ತನ್ನ ತೋಟವೇ ತಿಳಿಯದಿರುವುದು ಬೇರೆ.

ಗೇಣಿಗೆ ಸಂಬಂಧಿಸಿದ ಜಮೀನಿನಲ್ಲಿ ಇನ್ನೊಂದು ತೊಡಕಿದೆ. ಗೇಣಿದಾರ ತನ್ನ ಗೇಣಿಹಕ್ಕನ್ನು ಕುಟುಂಬದ ಹೊರಗಿನವರಿಗೆ ಉಯಿಲಿನಿಂದ ಕೊಡಲಾಗದೆಂದು ಜಮಖಂಡಿ ಭೂನ್ಯಾಯಮಂಡಳಿಯಿಂದ ಹೊರಟ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. ಮನಸ್ಸು ಎಷ್ಟು ತಿಳಿಯಾಗಿದ್ದರೂ ಈ ಮಿತಿ ಇದ್ದೇ ಇದೆ.

ಭ್ರಮೆ, ಮರೆವು, ಸನ್ನಿ

ಮನೋಸಾಮರ್ಥ್ಯದ ಚರ್ಚೆ ಎಲ್ಲೇ ನಡೆದರೂ 1870ರ ಇಂಗ್ಲೆಂಡಿನ ಬ್ಯಾಂಕ್ಸ್ ವಿರುದ್ಧ ಗುಡ್‌ಫೆಲೊ ತೀರ್ಪಿಗೆ ಹಿಂದಿರುಗುತ್ತದೆ. ಜಾನ್ ಬ್ಯಾಂಕ್ಸ್ ಎಂಬಾತನಿಗೆ, ಎಂದೋ ಸತ್ತಿದ್ದ ಒಬ್ಬ ವ್ಯಕ್ತಿ ತನ್ನನ್ನು ಕಾಡುತ್ತಿದ್ದಾನೆಂಬ ಭ್ರಮೆಯಿತ್ತು. ಆದರೂ ತನ್ನ ಮನೆಗಳನ್ನು ಜೊತೆಗಿದ್ದ ಒಡಹುಟ್ಟಿದವರ ಮಗಳಿಗೆ ಬರೆದ ಉಯಿಲನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಹಾಕಿಕೊಟ್ಟ ಅಳತೆ ಇದು: ಉಯಿಲು ಎಂದರೇನು, ಅದರ ಪರಿಣಾಮವೇನೆಂದು ತಿಳಿದಿರಬೇಕು, ಕೊಡುತ್ತಿರುವ ಆಸ್ತಿಯ ಹರವು ಗೊತ್ತಿರಬೇಕು, ತನ್ನ ಮೇಲೆ ಹಕ್ಕಿರುವವರು ಮನಸ್ಸಿಗೆ ಬರಬೇಕು, ಕಾಯಿಲೆಯ ಭ್ರಮೆ ಆ ಹಂಚಿಕೆಯನ್ನು ತಿರುಚಿರಬಾರದು. ನಮ್ಮ 59ನೆಯ ಕಲಂನ ದೃಷ್ಟಾಂತಗಳೂ ಇದೇ ಜಾಡಿನವು.

ನಾಲ್ಕನೆಯ ಅಂಶ ನಮ್ಮ ಕಡೆಯ ಮನೆಗಳಲ್ಲಿ ದೊಡ್ಡ ಸಂಕಟ ತರುತ್ತದೆ. ಅಲ್‌ಜೈಮರ್ ಮೊದಲಾದ ಮರೆಗುಳಿ ಕಾಯಿಲೆಗಳಲ್ಲಿ, ತನ್ನ ವಸ್ತುಗಳನ್ನು ಯಾರೋ ಕದಿಯುತ್ತಿದ್ದಾರೆಂಬ ಭ್ರಮೆ ಸಾಮಾನ್ಯ ಲಕ್ಷಣ. ತಾನೇ ಎಲ್ಲೋ ಇಟ್ಟದ್ದು ಸಿಗದಾಗ, ಹತ್ತಿರವಿದ್ದು ಉಣ್ಣಿಸಿ ತೊಳೆದು ನೋಡಿಕೊಳ್ಳುವವರ ಮೇಲೆಯೇ ಕಳ್ಳತನದ ಆರೋಪ ಬೀಳುತ್ತದೆ. ಸೊಸೆ ಅಟ್ಟದ ಕಾಯಿ ಇಳಿಸಿ ಮಾರುತ್ತಿದ್ದಾಳೆ, ಮಗ ಮಂಡಿಯ ಹಣ ನುಂಗಿದ್ದಾನೆ ಎಂಬ ಮಾತು ಹಾಗೆ ಹುಟ್ಟುತ್ತದೆ. ದೂರದ ಬೆಂಗಳೂರಿನಿಂದ ಆಗಾಗ ಬರುವ ಇನ್ನೊಬ್ಬ ಮಗನ ಕಿವಿಗೆ ಅದು ಬಿದ್ದು, ಅವನ ಹೆಸರಿಗೆ ಉಯಿಲಾಗುತ್ತದೆ. ಹತ್ತು ವರ್ಷ ಸೇವೆ ಮಾಡಿದವಳ ಕೈ ಬರಿದಾಗುತ್ತದೆ. ಇಂಥ ಉಯಿಲಿನಲ್ಲಿ ಆಸ್ತಿಯ ಲೆಕ್ಕ, ಮಕ್ಕಳ ಹೆಸರು ಎಲ್ಲವೂ ಸರಿಯಾಗಿಯೇ ಇರಬಹುದು. ಅದನ್ನು ಬರೆಸಿದ್ದು ಮಾತ್ರ ರೋಗ. ಆರೋಪ ನಿಜವೇ ಆಗಿದ್ದರೆ ಉಯಿಲಿಗೆ ಅದರಿಂದ ಕುಂದಿಲ್ಲ. ಕಠಿಣ ಮನಸ್ಸು, ಪಕ್ಷಪಾತ, ಹಳೆಯ ಮುನಿಸು ಇವೂ ಚಿತ್ತಸ್ವಾಸ್ಥ್ಯದ ಒಳಗೇ ಸೇರಿದವು. ಆದ್ದರಿಂದ ಉಯಿಲು ಬರೆಯುವ ವಕೀಲರು ‘ಏಕೆ ಕೊಡುವುದಿಲ್ಲ?’ ಎಂದು ಕೇಳಿ, ಬಂದ ಉತ್ತರ ನಿಜ ಸಂಗತಿಯ ಮೇಲೆ ನಿಂತಿದೆಯೇ ಎಂದು ವಿಚಾರಿಸುವುದು ಆ ವೃತ್ತಿಯ ಕರ್ತವ್ಯವೆಂದೇ ಎಣಿಸಬೇಕು.

ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು ಶೇ. 7.4ರಷ್ಟು, ಅಂದರೆ 88 ಲಕ್ಷ ಜನ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು ರಾಷ್ಟ್ರಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಕಾಯಿಲೆಯ ಹೆಸರು ಬಿದ್ದೊಡನೆ ಸಾಮರ್ಥ್ಯ ಹೋಯಿತೆಂದಲ್ಲ. ಆರಂಭದ ಹಂತದಲ್ಲಿ ನಿನ್ನೆಯ ಊಟ ಮರೆತರೂ ತೋಟ–ಮಕ್ಕಳ ತಿಳಿವು ಗಟ್ಟಿಯಾಗಿರಬಹುದು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 3ನೆಯ ಕಲಂ ಕೂಡ, ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಒಬ್ಬರನ್ನು ಅಸ್ವಸ್ಥಚಿತ್ತರೆಂದು ಎಣಿಸಬಾರದು, ಸಕ್ಷಮ ನ್ಯಾಯಾಲಯ ಹಾಗೆ ಘೋಷಿಸಿರಬೇಕು ಎನ್ನುತ್ತದೆ. 30 ಅಂಕಗಳ ಸ್ಮರಣೆ ಪರೀಕ್ಷೆಯಲ್ಲಿ ಎಷ್ಟು ಬಂತೆಂಬುದೂ ಕೊನೆಯ ಮಾತಲ್ಲ. ಆ ಪರೀಕ್ಷೆಯಲ್ಲಿ ಓದುವ, ಬರೆಯುವ, ಚಿತ್ರ ನಕಲು ಮಾಡುವ ಪ್ರಶ್ನೆಗಳಿವೆ. ಶಾಲೆಗೆ ಹೋಗದ ಅಜ್ಜಿ ಅವುಗಳಲ್ಲೇ ಅಂಕ ಕಳೆದುಕೊಳ್ಳುತ್ತಾಳೆ.

ಸನ್ನಿ ಇದಕ್ಕಿಂತ ಮೋಸದ ಸ್ಥಿತಿ. ಮೂತ್ರದ ಸೋಂಕು, ಜ್ವರ, ರಕ್ತದಲ್ಲಿ ಸೋಡಿಯಂ ಇಳಿಕೆ, ಆಪರೇಷನ್ ನಂತರದ ದಿನಗಳು, ನೋವಿನ ಔಷಧಿ ಇವುಗಳಿಂದ ವಯಸ್ಸಾದವರ ಬುದ್ಧಿ ಗಂಟೆ ಗಂಟೆಗೂ ಏರಿಳಿಯುತ್ತದೆ. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆಗೆ ಸತ್ತವರನ್ನು ಕರೆಯುತ್ತಾರೆ. ಒಳ್ಳೆಯ ಸಂಗತಿಯೆಂದರೆ ಕಾರಣಕ್ಕೆ ಚಿಕಿತ್ಸೆಯಾದರೆ ಬುದ್ಧಿ ಬಹುತೇಕ ಮರಳುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಸರದಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಬದಲು ಕಾಯುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಲಕ್ವ ಹೊಡೆದು ಮಾತು ನಿಂತವರ ವಿಷಯ ಇದಕ್ಕೆ ತದ್ವಿರುದ್ಧ. ಮಾತು ಹೋಗಿದ್ದರೂ ತಿಳಿವು ಪೂರ್ತಿ ಉಳಿದಿರಬಹುದು. ತಲೆಯಾಡಿಸಿ, ಬೆರಳು ತೋರಿಸಿ ಅವರು ಕೊಟ್ಟ ಸೂಚನೆ ಸಲ್ಲುತ್ತದೆ. ಆದರೆ ಪ್ರತಿ ಪ್ರಶ್ನೆಗೂ ಹೂಂ ಎಂದು ತಲೆಯಾಡಿಸುವವರೂ ಇದ್ದಾರೆ. ಅದೇ ಪ್ರಶ್ನೆಯನ್ನು ತಿರುಗುಮುರುಗಾಗಿ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಸ್ವಸ್ಥವಾಗಿದ್ದಾಗ ಸೂಚನೆ ಕೊಟ್ಟು, ಕಾಗದ ಸಿದ್ಧವಾಗುವಷ್ಟರಲ್ಲಿ ಕುಸಿದವರ ಬಗ್ಗೆ 1883ರ ಪಾರ್ಕರ್ ವಿರುದ್ಧ ಫೆಲ್‌ಗೇಟ್ ತೀರ್ಪು ಸ್ವಲ್ಪ ಸಡಿಲ ಕೊಡುತ್ತದೆ. ತಾನು ಹೇಳಿ ಬರೆಸಿದ ಉಯಿಲು ಇದೇ ಎಂಬಷ್ಟು ಅರಿವು ಸಹಿಯ ಹೊತ್ತಿನಲ್ಲಿದ್ದರೆ ಸಾಕು. ಸಿಲೋನಿನಿಂದ ಬಂದ ಪೆರೇರಾ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1901ರಲ್ಲಿ ಅದನ್ನು ಒಪ್ಪಿತು.

ಸಾಬೀತು: ಮೈಸೂರಿನಿಂದ ಹೋದ ಮೊಕದ್ದಮೆ

ಉಯಿಲಿನ ಸಾಬೀತಿನ ಬಗ್ಗೆ ದೇಶದ ನ್ಯಾಯಾಲಯಗಳೆಲ್ಲ ಇಂದಿಗೂ ಉದ್ಧರಿಸುವ ತೀರ್ಪು ಹಳೆಯ ಮೈಸೂರು ಸೀಮೆಯದೇ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಎಂಬ ಆ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 1958ರ ನವೆಂಬರ್ 13ರಂದು ತೀರ್ಮಾನಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. 1945ರಲ್ಲಿ ಹಿರಿಯ ಮಹಿಳೆಯೊಬ್ಬರು ಬರೆದರೆನ್ನಲಾದ ಉಯಿಲು ಅದು. ಅದನ್ನು ಸಿದ್ಧಪಡಿಸುವುದರಲ್ಲಿ ಮುಂದೆ ನಿಂತವರೇ ಅದನ್ನು ಜಾರಿ ಮಾಡಲು ನೇಮಕವಾದವರು. ಅವರ ಮಕ್ಕಳಿಗೆ ಉಯಿಲಿನಿಂದ ಗಣನೀಯ ಲಾಭವಿತ್ತು. ಕೆಳಗಿನ ನ್ಯಾಯಾಲಯ ಉಯಿಲನ್ನು ಒಪ್ಪಿತು, ಮೈಸೂರು ಹೈಕೋರ್ಟ್ ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಹೈಕೋರ್ಟಿನ ಮಾತನ್ನೇ ಉಳಿಸಿತು.

ಆ ತೀರ್ಪಿನ ತಿರುಳು: ಉಯಿಲನ್ನು ಮುಂದಿಡುವವರೇ ಅದನ್ನು ಸಾಬೀತುಪಡಿಸಬೇಕು. ಬರೆದವರು ಸ್ವಸ್ಥಚಿತ್ತರಾಗಿದ್ದರು, ಅದರ ಪರಿಣಾಮ ತಿಳಿದು ಸ್ವಇಚ್ಛೆಯಿಂದ ಸಹಿ ಮಾಡಿದರು ಎಂಬುದು ವಿವೇಕಿಯ ಮನಸ್ಸಿಗೆ ಒಪ್ಪಿಗೆಯಾಗಬೇಕು; ಗಣಿತದಷ್ಟು ಖಚಿತತೆ ಬೇಡ. ಆದರೆ ಸಹಿ ನಡುಗಿದೆ, ಮನಸ್ಸು ದುರ್ಬಲವಾಗಿತ್ತು, ಹಂಚಿಕೆ ಅಸಹಜವಾಗಿದೆ, ಲಾಭ ಪಡೆದವರೇ ಬರೆಸಲು ಓಡಾಡಿದ್ದಾರೆ ಎಂಬಂಥ ಅನುಮಾನಗಳಿದ್ದರೆ ಅವನ್ನೆಲ್ಲ ನಿವಾರಿಸುವ ಹೊಣೆಯೂ ಉಯಿಲನ್ನು ಮುಂದಿಡುವವರದೇ.

ಕರ್ನಾಟಕ ಹೈಕೋರ್ಟ್ ಇದನ್ನು ಜೆ.ಟಿ. ಸೂರಪ್ಪ ವಿರುದ್ಧ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮೀಜಿ ಪಬ್ಲಿಕ್ ಚಾರಿಟಬಲ್ ಟ್ರಸ್ಟ್ ಎಂಬ, 2008ರ ಕಾನೂನು ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ಐದು ಹೆಜ್ಜೆಗಳಾಗಿ ಜೋಡಿಸಿತು. ಸಹಿಯೂ ಇಬ್ಬರ ಸಾಕ್ಷಿಯೂ ಇವೆಯೇ ಎಂಬಲ್ಲಿಂದ ಹೊರಟು, ಸಹಜ ವಾರಸುದಾರರನ್ನು ಬಿಟ್ಟಿದ್ದರೆ ಕಾರಣವೇನು, ಮನಸ್ಸು ಸ್ವಸ್ಥವಾಗಿತ್ತೇ, ಅನುಮಾನಗಳಿವೆಯೇ ಎಂದು ನೋಡಿ, ಕಾನೂನಿನ ವಿಧಿಯಂತೆ ಉಯಿಲು ನೆರವೇರಿದೆಯೇ ಎಂಬಲ್ಲಿಗೆ ಆ ವಿಚಾರಣೆ ಮುಟ್ಟುತ್ತದೆ. ರಾಜ್ಯದ ಸಿವಿಲ್ ನ್ಯಾಯಾಲಯಗಳಲ್ಲಿ ವಕೀಲರು ಇವತ್ತಿಗೂ ಇದನ್ನು ಹಿಡಿದು ವಾದಿಸುತ್ತಾರೆ. ಇಂಥ ವ್ಯಾಜ್ಯ ಎಷ್ಟು ಎಳೆಯಬಹುದೆಂಬುದಕ್ಕೆ ಶಿವಕುಮಾರ್ ವಿರುದ್ಧ ಶರಣಬಸಪ್ಪ ಮೊಕದ್ದಮೆ ಸಾಕು. ಉಯಿಲಿನ ತಾರೀಖು 1991ರದು, ಅದು ನಂಬಲರ್ಹವಲ್ಲವೆಂದು ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 2020ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ರಿಜಿಸ್ಟರ್ ಆಗಿದೆ, ಇನ್ನು ಭಯವಿಲ್ಲ ಎಂಬ ನಂಬಿಕೆ ತಾಲ್ಲೂಕು ಕಚೇರಿಯ ಸುತ್ತ ಬಲವಾಗಿದೆ. ನೋಂದಣಿ ಅಧಿನಿಯಮ, 1908ರ 18ನೆಯ ಕಲಂ ಪ್ರಕಾರ ಉಯಿಲಿಗೆ ನೋಂದಣಿ ಕಡ್ಡಾಯವೇ ಅಲ್ಲ. ಮಾಡಿಸಿದರೆ ಒಂದು ಪುರಾವೆ ಹೆಚ್ಚಾಗುತ್ತದೆ, ಅಷ್ಟೆ. ಎದುರು ನಿಂತವರು ಅಸ್ವಸ್ಥಚಿತ್ತರಂತೆ ಕಂಡರೆ ಸಬ್ ರಿಜಿಸ್ಟ್ರಾರ್ ನೋಂದಣಿಯನ್ನು ನಿರಾಕರಿಸಬೇಕೆಂದು 35ನೆಯ ಕಲಂ ಹೇಳುತ್ತದೆ. ಏಳಲಾಗದವರಿದ್ದರೆ ಮನೆಗೇ ಹೋಗಲು 31ನೆಯ ಕಲಂ ಅವಕಾಶ ಕೊಡುತ್ತದೆ. ಆದರೆ ಕಾಟಾಚಾರಕ್ಕೆ ಆದ ನೋಂದಣಿಯಿಂದ ಅನುಮಾನ ಹೋಗದೆಂದು ರಾಣಿ ಪೂರ್ಣಿಮಾ ದೇವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಸ್ಪಷ್ಟಪಡಿಸಿದೆ. ವೈದ್ಯರ ಸರ್ಟಿಫಿಕೇಟಿನ ಬೆಲೆಯೂ ಹೀಗೆಯೇ. ಕಾನೂನು ಅದನ್ನು ಕೇಳುವುದಿಲ್ಲ. ಇದ್ದರೆ ಒಳ್ಳೆಯದು, ಆದರೆ ರೋಗಿಯನ್ನು ನೋಡದೆ ಬರೆದುಕೊಟ್ಟ ಒಂದು ಸಾಲು ಪಾಟೀಸವಾಲಿನ ಎದುರು ನಿಲ್ಲಲಾರದು. ಏನು ಕೇಳಿದೆ, ಏನು ಉತ್ತರ ಬಂತು ಎಂದು ಆ ದಿನವೇ ವೈದ್ಯರು ಟಿಪ್ಪಣಿ ಬರೆದಿಟ್ಟುಕೊಂಡಿದ್ದರೆ ಅದು ಬೇರೆ ತೂಕದ್ದು. ವೈದ್ಯರೇ ಒಬ್ಬ ಸಾಕ್ಷಿಯಾಗಿ ಸಹಿ ಹಾಕಿದರೆ ಇನ್ನೂ ಮೇಲು.

ಸಹಿಯ ಹೊತ್ತು

ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಕಲಂ ಪ್ರಕಾರ ಉಯಿಲಿಗೆ ಬರೆದವರ ಸಹಿ ಅಥವಾ ಗುರುತು ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಇಬ್ಬರೂ ಆ ಸಹಿ ಬೀಳುವುದನ್ನು ಕಂಡಿರಬೇಕು, ಇಲ್ಲವೇ ಅದು ತನ್ನದೇ ಎಂದು ಬರೆದವರ ಬಾಯಿಂದ ಕೇಳಿರಬೇಕು. ಬರೆದವರ ಎದುರಿನಲ್ಲೇ ತಾವೂ ಸಹಿ ಹಾಕಿರಬೇಕು. ಮುಂದೆ ವ್ಯಾಜ್ಯವಾದರೆ ಅವರಲ್ಲಿ ಒಬ್ಬರಾದರೂ ಸಾಕ್ಷಿ ನುಡಿಯಬೇಕು. ಹಿಂದೆ ಸಾಕ್ಷ್ಯ ಅಧಿನಿಯಮದ 68ನೆಯ ಕಲಂನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಮುಂದುವರಿದಿದೆ. ಪತ್ರ ಬರಹಗಾರರ ಅಂಗಡಿಯಲ್ಲಿ ಸಿಕ್ಕಿದವರನ್ನು ಸಾಕ್ಷಿ ಹಾಕಿಸುವ ಪದ್ಧತಿ ಈ ಕಾರಣಕ್ಕೇ ಅಪಾಯಕಾರಿ. ಹದಿನೈದು ವರ್ಷದ ಮೇಲೆ ಅವರಿಗೆ ಆ ಮುಖವೂ ನೆನಪಿರುವುದಿಲ್ಲ. ಮನೆತನ ಬಲ್ಲ, ಆಸ್ತಿಯಲ್ಲಿ ಆಸೆಯಿಲ್ಲದ, ಬರೆಯುವವರಿಗಿಂತ ಸಾಕಷ್ಟು ಕಿರಿಯರಾದ ಇಬ್ಬರು ಬೇಕು.

ಉಯಿಲಿನ ಮೊದಲ ಸಾಲುಗಳಲ್ಲಿ ಬುದ್ಧಿ ಸ್ವಾಧೀನದಲ್ಲಿದೆ, ಯಾರ ಬಲವಂತವೂ ಇಲ್ಲ ಎಂದು ಬರೆಯುವುದು ರೂಢಿ. ಎಲ್ಲ ಉಯಿಲಿನಲ್ಲೂ ಇರುವ ಆ ಮಾತು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಬದಲಿಗೆ ಲಾಭ ಪಡೆಯುವ ಮಗ ಅಥವಾ ಮಗಳು ಕೋಣೆಯ ಹೊರಗಿದ್ದು, ಹಿರಿಯರೇ ತಮ್ಮ ಮಾತಿನಲ್ಲಿ ಹೇಳಿ, ಬರೆದದ್ದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಿ, ಯಾರಿಗೆ ಏನು ಕೊಟ್ಟಿದ್ದೀರಿ ಎಂದು ತಿರುಗಿ ಕೇಳಿದ್ದರೆ ಅದೇ ಗಟ್ಟಿ ಸಾಕ್ಷ್ಯ. ಓದು ಬರಹ ಬಲ್ಲವರು ಹೆಬ್ಬೆಟ್ಟು ಒತ್ತಿದ್ದರೆ ಕೈ ನಡುಕವೋ ಲಕ್ವವೋ ಕಾರಣವನ್ನು ಕಾಗದದಲ್ಲೇ ನಮೂದಿಸುವುದು ಲೇಸು.

ಒತ್ತಾಯದ ಪ್ರಶ್ನೆ ಸಾಮರ್ಥ್ಯದ ಪ್ರಶ್ನೆಗಿಂತ ಬೇರೆಯಾದರೂ ಅವೆರಡೂ ಜೊತೆಯಾಗಿಯೇ ಬರುತ್ತವೆ. ಮೋಸ, ಬಲವಂತ ಅಥವಾ ಬೇಡವೆನ್ನಲು ಶಕ್ತಿಯಿಲ್ಲದಷ್ಟು ಪೀಡಿಸಿ ಬರೆಸಿದ ಉಯಿಲನ್ನು ಭಾರತೀಯ ಉತ್ತರಾಧಿಕಾರ ಅಧಿನಿಯಮದ 61ನೆಯ ಕಲಂ ಅಸಿಂಧು ಮಾಡುತ್ತದೆ. ‘ನನ್ನನ್ನು ಮರೆಯಬೇಡಪ್ಪ’ ಎಂದು ಕೇಳಿಕೊಳ್ಳುವುದು ತಪ್ಪಲ್ಲ. ಊಟ, ಔಷಧಿ, ಮೊಮ್ಮಕ್ಕಳ ಮುಖ ಇವುಗಳನ್ನು ಸಹಿಗೆ ಕಟ್ಟಿಹಾಕುವುದು ತಪ್ಪು.

ಮುಸ್ಲಿಮರ ವೈಯಕ್ತಿಕ ಕಾನೂನಿನಲ್ಲಿ ಉಯಿಲು ಬಾಯಿಮಾತಿನದೂ ಆಗಬಹುದು; ಸಾಮಾನ್ಯವಾಗಿ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದುದರ ಮೂರನೇ ಒಂದು ಭಾಗಕ್ಕೆ ಮಿತಿಯಿದೆ. ಸ್ವಸ್ಥಚಿತ್ತದ ಷರತ್ತು ಅಲ್ಲಿಯೂ ಉಂಟು.

ರದ್ದತಿ ಮತ್ತು ಆಮೇಲಿನದು

ಬರೆದವರು ಬದುಕಿರುವವರೆಗೆ ಉಯಿಲನ್ನು ಬದಲಿಸಬಹುದು, ರದ್ದು ಮಾಡಬಹುದು. ದಾನಪತ್ರಕ್ಕೆ ಈ ಗುಣವಿಲ್ಲ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ತೋಟ ಬರೆಸಿಕೊಂಡು ಕೈಬಿಟ್ಟ ಮಕ್ಕಳ ವಿರುದ್ಧ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಂ ಹಿಡಿದು ತಿಪಟೂರಿನ ಉಪವಿಭಾಗಾಧಿಕಾರಿಯ ಮುಂದೆ ಹೋಗಬೇಕಾಗುತ್ತದೆ. ಉಯಿಲು ಬರೆದವರಿಗೆ ಆ ಅಲೆದಾಟವಿಲ್ಲ. ನೋಂದಾಯಿಸಿದ ಉಯಿಲಿನ ನಕಲೂ ಅವರು ಬದುಕಿರುವವರೆಗೆ ಬೇರೆಯವರಿಗೆ ಸಿಗುವುದಿಲ್ಲ.

ಆದರೆ ಭಾರತೀಯ ಉತ್ತರಾಧಿಕಾರ ಅಧಿನಿಯಮದ 62ನೆಯ ಕಲಂ ಹೇಳುವಂತೆ ರದ್ದತಿಗೂ ಬದಲಾವಣೆಗೂ ಅದೇ ಮನೋಸಾಮರ್ಥ್ಯ ಬೇಕು. ಮರೆವು ಮುಂದುವರಿದ ಮೇಲೆ ಹಳೆಯ ಉಯಿಲು ಇದ್ದಂತೆಯೇ ಉಳಿಯುತ್ತದೆ. ಅದರಲ್ಲಿ ಹೆಸರಿರುವ ಮಗ ಈ ನಡುವೆ ತೀರಿಕೊಂಡಿರಲಿ, ಕೈಬಿಟ್ಟಿರಲಿ, ಹೊಸದಾಗಿ ಬರೆಸಲು ಯಾರಿಗೂ ಅಧಿಕಾರವಿಲ್ಲ. ಪವರ್ ಆಫ್ ಅಟಾರ್ನಿ ಹೊಂದಿದವರು ಕೂಡ ಇನ್ನೊಬ್ಬರ ಪರವಾಗಿ ಉಯಿಲು ಬರೆಯಲಾರರು. ಆದ್ದರಿಂದ ಮರೆಗುಳಿತನ ಮೊದಲು ಪತ್ತೆಯಾದಾಗಲೇ, ತಿಳಿವು ಇನ್ನೂ ಕೈಯಲ್ಲಿರುವಾಗ, ಹಳೆಯ ಉಯಿಲನ್ನು ತೆಗೆದು ಓದಿಸಿಕೊಳ್ಳಬೇಕು. ಕಾಯಿಲೆಯ ವಿಷಯವನ್ನು ಹಿರಿಯರಿಂದ ಮುಚ್ಚಿಡುವ ಮನೆಗಳು ಪ್ರೀತಿಯಿಂದಲೇ ಹಾಗೆ ಮಾಡುತ್ತವೆ, ಆದರೆ ಅವರ ಈ ಕೊನೆಯ ಅವಕಾಶವನ್ನೂ ಅದರೊಡನೆ ಮುಚ್ಚಿಬಿಡುತ್ತವೆ.

ಬರೆದವರು ತೀರಿಕೊಂಡ ಮೇಲೆ ಉಯಿಲಿನ ಆಧಾರದಲ್ಲಿ ಖಾತೆ ಬದಲಾವಣೆಗೆ ನಾಡಕಚೇರಿಗೆ ಅರ್ಜಿ ಹೋಗುತ್ತದೆ. ಯಾರೂ ತಕರಾರು ಮಾಡದಿದ್ದರೆ ಮ್ಯುಟೇಷನ್ ಆಗಿ ಪಹಣಿಯಲ್ಲಿ ಹೆಸರು ಬರುತ್ತದೆ. ಬರೆದವರಿಗೆ ಬುದ್ಧಿ ನೆಟ್ಟಗಿರಲಿಲ್ಲ ಎಂದು ಒಬ್ಬರು ಆಕ್ಷೇಪಿಸಿದರೂ ಅದನ್ನು ತೀರ್ಮಾನಿಸುವುದು ಕಂದಾಯ ಅಧಿಕಾರಿಯ ಕೆಲಸವಲ್ಲ. ಕಡತ ಅಲ್ಲಿಗೆ ನಿಂತು, ದಾವೆ ಸಿವಿಲ್ ನ್ಯಾಯಾಲಯದಲ್ಲಿ ಶುರುವಾಗುತ್ತದೆ, ಮೊದಲ ಸಾಕ್ಷಿಗೆ ಸಮನ್ಸ್ ಹೊರಡುತ್ತದೆ.